ಓದುಗರ ಪ್ರಶ್ನೆ: ಕೈಯಿಂದ ಸ್ಟಾರ್ಟ್ ಮಾಡಿದರೆ ಏಳುವ ಸರ್ವಿಸ್ ರೀಬೂಟ್ ಆದಾಗ ಏಕೆ ಏಳುವುದಿಲ್ಲ?

ಪ್ರಶ್ನೆ: ನಮ್ಮ ಆಫೀಸಿನ ಉಬುಂಟು ಸರ್ವರ್‌ನಲ್ಲಿ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಂ ಓಡುತ್ತಿದೆ. ಕೈಯಿಂದ ಸ್ಟಾರ್ಟ್ ಮಾಡಿದರೆ ಯಾವ ತಕರಾರೂ ಇಲ್ಲ. ಮಷೀನ್ ರೀಬೂಟ್ ಆದಾಗ ಮಾತ್ರ ಫೇಲ್ಡ್ ಎಂದು ತೋರಿಸುತ್ತದೆ. ಯೂನಿಟ್ ಫೈಲಿನಲ್ಲಿ ‘ಆಫ್ಟರ್ = ನೆಟ್‌ವರ್ಕ್ ಟಾರ್ಗೆಟ್’ ಎಂದು ಬರೆದೇ ಇದೆ. ಸದ್ಯಕ್ಕೆ 30 ಸೆಕೆಂಡು ಕಾಯಿಸುವ ‘ಸ್ಲೀಪ್ 30’ ಸೇರಿಸಿ ಕೆಲಸ ಸಾಗಿಸುತ್ತಿದ್ದೇವೆ. ಹೀಗೆಯೇ ಬಿಡಬಹುದೇ?

ಬಿಡಬಾರದು. ಎನ್‌ಜಿನ್‌ಎಕ್ಸ್ ಬದಲು ಪೋಸ್ಟ್‌ಗ್ರೆಸ್, ರೆಡಿಸ್‌ನಂಥ ಡೇಟಾಬೇಸ್ ಅಥವಾ ಸ್ವಂತದ ಪೈಥಾನ್ ಆಪ್, ಹೀಗೆ ಹೆಸರಷ್ಟೇ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪ್ರತಿ ಸಲವೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಈ ಬಾರಿ ಬುಡದಿಂದಲೇ ವಿವರಿಸುವುದು ಒಳ್ಳೆಯದು. ಇಲ್ಲಿ ಕೆಟ್ಟಿರುವುದು ಸರ್ವಿಸ್ ಅಲ್ಲ. ‘ನೆಟ್‌ವರ್ಕ್ ಟಾರ್ಗೆಟ್’ ಎಂಬ ಹೆಸರನ್ನು ನಾವು ಅರ್ಥಮಾಡಿಕೊಂಡಿರುವ ರೀತಿ. ಸಿಸ್ಟಮ್‌ಡಿ ಎಂದರೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು, ಎಬ್ಬಿಸುವ ಮತ್ತು ನಿಲ್ಲಿಸುವ ಪ್ರೋಗ್ರಾಂ. ಅದು ನಿರ್ವಹಿಸುವ ಪ್ರತಿಯೊಂದೂ ಒಂದು ಯೂನಿಟ್, ಅದರ ಸೂಚನೆಗಳಿರುವುದು ಯೂನಿಟ್ ಫೈಲ್, ಬೂಟಿನ ಒಂದು ಹಂತವನ್ನು ಗುರುತಿಸುವ ಯೂನಿಟ್ಟೇ ಟಾರ್ಗೆಟ್.

ಮೊದಲು ಎರಡು ಕಮಾಂಡ್‌ಗಳು. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಕೊಟ್ಟು ಲೋಡೆಡ್ ಎಂಬ ಸಾಲನ್ನು ಓದಿ. ಅಲ್ಲಿ ಡಿಸೇಬಲ್ಡ್ ಎಂದಿದ್ದರೆ ಸರ್ವಿಸ್ ಫೇಲ್ ಆಗಿಲ್ಲ, ಬೂಟ್ ಸಮಯದಲ್ಲಿ ಅದನ್ನು ಯಾರೂ ಕರೆದೇ ಇಲ್ಲ. ಸ್ಟಾರ್ಟ್ ಮಾಡಿದ ಮಾತ್ರಕ್ಕೆ ಎನೇಬಲ್ ಆಗುವುದಿಲ್ಲ. ಎನೇಬಲ್ಡ್ ಎಂದಿದ್ದೂ ಫೇಲ್ ಆಗಿದ್ದರೆ ‘ಜರ್ನಲ್‌ಸಿಟಿಎಲ್’ ಕಮಾಂಡಿಗೆ ಈ ಬೂಟಿನ ದಾಖಲೆ ಮಾತ್ರ ಬೇಕೆಂಬ ‘-ಬಿ’ ಹಾಗೂ ಯೂನಿಟ್ ಹೆಸರಿನ ‘-ಯು’ ಸೇರಿಸಿ ಓದಿ. ಸ್ಟೇಟಸ್ ತೋರಿಸುವ ಕೊನೆಯ ಕೆಲವು ಸಾಲುಗಳಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ, ಏಕೆಂದರೆ ನಿಜವಾದ ಕಾರಣ ಬಹಳಷ್ಟು ಸಲ ಅದಕ್ಕೂ ಮೇಲಿನ ಸಾಲಿನಲ್ಲಿರುತ್ತದೆ.

ನೀವು ಕಳುಹಿಸಿದ ಲಾಗಿನಲ್ಲಿ ಆ ಸಾಲು ಸ್ಪಷ್ಟವಾಗಿಯೇ ಇದೆ: 10.0.0.5 ವಿಳಾಸದ 80ನೇ ಪೋರ್ಟಿಗೆ ಬೈಂಡ್ ಆಗಲಿಲ್ಲ (ಅಂದರೆ ಅದನ್ನು ತನ್ನದಾಗಿಸಿಕೊಳ್ಳಲಾಗಲಿಲ್ಲ), ದೋಷ ಸಂಖ್ಯೆ 99, ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’. ಪೋರ್ಟನ್ನು ಬೇರೆ ಪ್ರೋಗ್ರಾಂ ಹಿಡಿದುಕೊಂಡಿದ್ದರೆ ಬರುವ ದೋಷ ಇದಲ್ಲ, ಅದರ ಸಂಖ್ಯೆ 98. ಸಂಖ್ಯೆ 99ರ ಅರ್ಥವೇನೆಂದರೆ, ನೀವು ಕೇಳುತ್ತಿರುವ ಐಪಿ ವಿಳಾಸ ಆ ಕ್ಷಣಕ್ಕೆ ಈ ಮಷೀನಿನ ಯಾವ ನೆಟ್‌ವರ್ಕ್ ಇಂಟರ್‌ಫೇಸಿನ ಮೇಲೂ ಇಲ್ಲ. ಎರಡು ನಿಮಿಷದ ನಂತರ ನೀವು ಲಾಗಿನ್ ಆಗಿ ಕೈಯಿಂದ ಸ್ಟಾರ್ಟ್ ಮಾಡುವ ಹೊತ್ತಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ತನ್ನ ಕೆಲಸ ಮುಗಿಸಿ ವಿಳಾಸ ಬಂದಿರುತ್ತದೆ, ಆದ್ದರಿಂದ ಸರ್ವಿಸ್ ಸಲೀಸಾಗಿ ಏಳುತ್ತದೆ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ. ‘ಆಫ್ಟರ್ = ನೆಟ್‌ವರ್ಕ್ ಟಾರ್ಗೆಟ್ ಎಂದು ಬರೆದರೆ ನೆಟ್‌ವರ್ಕ್ ಸಿದ್ಧವಾದ ಮೇಲೆಯೇ ಸರ್ವಿಸ್ ಶುರುವಾಗುತ್ತದೆ’ ಎಂದು ಎಷ್ಟೋ ಟ್ಯುಟೋರಿಯಲ್‌ಗಳು ಕಲಿಸುತ್ತವೆ, ಎಷ್ಟೋ ಯೂನಿಟ್ ಫೈಲುಗಳು ಒಂದರಿಂದ ಇನ್ನೊಂದಕ್ಕೆ ಕಾಪಿ ಆಗುತ್ತ ಅದನ್ನೇ ಹೊತ್ತು ತಿರುಗುತ್ತಿವೆ. ಇದು ತಪ್ಪು. ಬೂಟ್ ಆಗುವಾಗ ನೆಟ್‌ವರ್ಕ್ ಟಾರ್ಗೆಟ್ ತಲುಪಿತು ಎಂದರೆ ನೆಟ್‌ವರ್ಕನ್ನು ನಿರ್ವಹಿಸುವ ಸಾಫ್ಟ್‌ವೇರ್, ಅಂದರೆ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಅಥವಾ ನೆಟ್‌ವರ್ಕ್ ಮ್ಯಾನೇಜರ್, ಕೆಲಸ ಆರಂಭಿಸಿದೆ ಎಂದಷ್ಟೇ ಅರ್ಥ. ಅಡುಗೆ ಭಟ್ಟರು ಛತ್ರಕ್ಕೆ ಬಂದಿಳಿದರು ಎಂದ ಮಾತ್ರಕ್ಕೆ ಪಂಕ್ತಿಗೆ ಎಲೆ ಹಾಕುವುದಿಲ್ಲವಷ್ಟೆ! ಕೇಬಲ್ ಸಿಕ್ಕಿದೆಯೇ, ವಿಳಾಸ ಬಂದಿದೆಯೇ, ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಉತ್ತರಿಸುತ್ತಿದೆಯೇ ಎಂಬ ಯಾವ ಭರವಸೆಯನ್ನೂ ಈ ಟಾರ್ಗೆಟ್ ಕೊಡುವುದಿಲ್ಲ.

ಹಾಗಾದರೆ ಅದು ಇರುವುದಾದರೂ ಏಕೆ? ಇದರ ಉತ್ತರವೇ ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ಮುಖ್ಯ ಉಪಯೋಗ ಇರುವುದು ಶಟ್‌ಡೌನ್ ಸಮಯದಲ್ಲಿ. ಸಿಸ್ಟಮ್‌ಡಿ ಯಾವ ಕ್ರಮದಲ್ಲಿ ಯೂನಿಟ್‌ಗಳನ್ನು ಎಬ್ಬಿಸುತ್ತದೋ ಅದರ ತಿರುಗು ಕ್ರಮದಲ್ಲಿ ನಿಲ್ಲಿಸುತ್ತದೆ. ಆದ್ದರಿಂದ ನೆಟ್‌ವರ್ಕ್ ಟಾರ್ಗೆಟ್ ನಂತರ ಶುರುವಾಗುವ ಸರ್ವಿಸ್, ಮಷೀನ್ ಆಫ್ ಆಗುವಾಗ ನೆಟ್‌ವರ್ಕ್ ಕಡಿದುಹೋಗುವ ಮೊದಲೇ ನಿಲ್ಲುತ್ತದೆ ಮತ್ತು ತೆರೆದಿರುವ ಕನೆಕ್ಷನ್‌ಗಳನ್ನು ಮರ್ಯಾದೆಯಿಂದ ಮುಚ್ಚಲು ಅದಕ್ಕೆ ಅವಕಾಶ ಸಿಗುತ್ತದೆ. ಈ ಮಾತು ಸಿಸ್ಟಮ್‌ಡಿಯ ಮ್ಯಾನ್ ಪೇಜಿನಲ್ಲಿಯೇ (ಕೈಪಿಡಿಯ ಪುಟದಲ್ಲಿ) ಇದೆ. ಡೆಬಿಯನ್ 8 ಮತ್ತು ಉಬುಂಟು 15.04 ಎರಡೂ 2015ರಲ್ಲಿಯೇ ಸಿಸ್ಟಮ್‌ಡಿಯನ್ನು ಡೀಫಾಲ್ಟ್ ಮಾಡಿಕೊಂಡವು. ಇಷ್ಟು ವರ್ಷಗಳಾದ ಮೇಲೂ ಆ ಪುಟವನ್ನು ಯಾರೂ ತೆರೆದು ನೋಡುತ್ತಿಲ್ಲವೆಂಬುದು ಸ್ವಲ್ಪ ಬೇಸರದ ಸಂಗತಿ.

ತಪ್ಪಿನ ಇನ್ನೊಂದು ಮಗ್ಗುಲು ‘ಆಫ್ಟರ್’ ಪದಕ್ಕೆ ಸಂಬಂಧಿಸಿದ್ದು. ಅದು ಸರದಿಯನ್ನು ಮಾತ್ರ ಹೇಳುತ್ತದೆ, ಯಾರನ್ನೂ ಕರೆಯುವುದಿಲ್ಲ. ನೀವು ಯಾವ ಯೂನಿಟ್ಟಿನ ಹೆಸರನ್ನು ಅಲ್ಲಿ ಬರೆದಿರುವಿರೋ ಆ ಯೂನಿಟ್ಟನ್ನು ಈ ಬೂಟಿನಲ್ಲಿ ಬೇರೆ ಯಾರೂ ಕರೆಯದಿದ್ದರೆ ಆ ಸಾಲು ಬರೆದರೂ ಒಂದೇ, ಬರೆಯದಿದ್ದರೂ ಒಂದೇ. ಕರೆಯುವ ಕೆಲಸ ‘ವಾಂಟ್ಸ್’ ಅಥವಾ ‘ರಿಕ್ವೈರ್ಸ್’ನದು, ಮತ್ತು ಅವು ಸರದಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ನಿಮಗೆ ಬೇಕಾದುದು ನೆಟ್‌ವರ್ಕ್ ನಿಜವಾಗಿ ಎದ್ದುನಿಲ್ಲುವವರೆಗೆ ಕಾಯುವ ‘ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್’ ಎಂಬ ಬೇರೆಯೇ ಟಾರ್ಗೆಟ್, ಅದೂ ಎರಡು ಸಾಲುಗಳಲ್ಲಿ: ವಾಂಟ್ಸ್ ಒಂದರಲ್ಲಿ, ಆಫ್ಟರ್ ಇನ್ನೊಂದರಲ್ಲಿ. ಮೂಲ ಯೂನಿಟ್ ಫೈಲನ್ನು ಮುಟ್ಟದೆ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಕೊಟ್ಟು ಈ ಎರಡು ಸಾಲುಗಳನ್ನು ಸೇರಿಸಿದರೆ ಅವು ಪ್ರತ್ಯೇಕ ಓವರ್‌ರೈಡ್ ಫೈಲಿನಲ್ಲಿ ಉಳಿಯುತ್ತವೆ ಮತ್ತು ಪ್ಯಾಕೇಜ್ ಅಪ್‌ಡೇಟ್ ಬಂದಾಗ ಅಳಿಸಿಹೋಗುವುದಿಲ್ಲ.

ಈ ಟಾರ್ಗೆಟ್ ಬಳಸಿದ ಮೇಲೆ ಬೂಟ್ ಎರಡು ನಿಮಿಷ ತಡವಾಗುತ್ತದೆ ಎಂಬ ದೂರು ಕೆಲವರದು. ನೆಟ್‌ವರ್ಕ್‌ಡಿಯ ವೇಟ್-ಆನ್‌ಲೈನ್ ಸರ್ವಿಸ್ ತಾನು ನಿರ್ವಹಿಸುವ ಎಲ್ಲ ಇಂಟರ್‌ಫೇಸುಗಳಿಗಾಗಿ 120 ಸೆಕೆಂಡುಗಳವರೆಗೆ ಕಾಯುತ್ತದೆ. ಸರ್ವರ್‌ನಲ್ಲಿ ಕೇಬಲ್ ಹಾಕದೆ ಬಿಟ್ಟ ಎರಡನೆಯ ನೆಟ್‌ವರ್ಕ್ ಪೋರ್ಟ್ ಇದ್ದರೆ ಅದಕ್ಕೂ ಕಾಯುತ್ತದೆ. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್‌ಗಳಿರುವ ನೆಟ್‌ಪ್ಲಾನ್ ಫೈಲಿನಲ್ಲಿ ಆ ಪೋರ್ಟಿಗೆ ‘ಆಪ್ಷನಲ್: ಟ್ರೂ’ ಎಂದು ಬರೆದರೆ ಸಾಕು.

ಇನ್ನು ಸ್ಲೀಪ್. ಅದು ಇಂದು ಕೆಲಸ ಮಾಡುತ್ತಿರುವುದು ನಿಮ್ಮ ಸ್ವಿಚ್ ಮತ್ತು ರೂಟರ್ ಮೊದಲೇ ಎದ್ದು ಕುಳಿತಿರುವುದರಿಂದ. ಮಧ್ಯಾಹ್ನ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು, ಮತ್ತೆ ಕರೆಂಟ್ ಬಂದಾಗ ಸರ್ವರ್, ಸ್ವಿಚ್, ಡಿಎಚ್‌ಸಿಪಿ ಕೊಡುವ ರೂಟರ್ ಎಲ್ಲವೂ ಒಟ್ಟಿಗೆ ಏಳುವ ದಿನವನ್ನು ಯೋಚಿಸಿ. ಜಾಲದಲ್ಲಿ ಲೂಪ್ ಆಗದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ಪದ್ಧತಿಯ ಸ್ವಿಚ್ ಪೋರ್ಟ್, ಲಿಂಕ್ ಬಂದ ಮೇಲೆ ಲಿಸನಿಂಗ್ ಹಂತಕ್ಕೆ 15 ಸೆಕೆಂಡು, ಲರ್ನಿಂಗ್ ಹಂತಕ್ಕೆ 15 ಸೆಕೆಂಡು ತೆಗೆದುಕೊಂಡ ನಂತರವೇ ಪ್ಯಾಕೆಟ್‌ಗಳನ್ನು ಸಾಗಿಸುತ್ತದೆ. ನಿಮ್ಮ 30 ಸೆಕೆಂಡು ಅಲ್ಲಿಗೇ ಮುಗಿಯಿತು. ಆಗ ಜನ ಅದನ್ನು 120ಕ್ಕೆ ಏರಿಸುತ್ತಾರೆ, ಮತ್ತು ಸರ್ವಿಸ್ ಈಗ ಪ್ರತಿ ಸಲವೂ ಫೇಲ್ ಆಗುತ್ತದೆ. ಏಕೆಂದರೆ ಸ್ಟಾರ್ಟ್ ಆಗಲು ಸಿಸ್ಟಮ್‌ಡಿ ಕೊಡುವ ಡೀಫಾಲ್ಟ್ ಅವಧಿ 90 ಸೆಕೆಂಡು. ಎಕ್ಸೆಕ್‌ಸ್ಟಾರ್ಟ್‌ಪ್ರೀ ಸಾಲಿನಲ್ಲಿ (ಸರ್ವಿಸಿಗೂ ಮೊದಲು ಓಡಬೇಕಾದ ಕಮಾಂಡ್ ಬರೆಯುವ ಸಾಲು) ಮಲಗಿರುವ ಸ್ಲೀಪ್ ಆ ಗಡುವು ಮೀರಿದ ಕೂಡಲೇ ಸಿಸ್ಟಮ್‌ಡಿ ಅದನ್ನು ಕೊಂದುಹಾಕುತ್ತದೆ.

ಆನ್‌ಲೈನ್ ಟಾರ್ಗೆಟ್ ಕೂಡ ಒಂದು ಹಂತದವರೆಗಿನ ಉಪಾಯವೇ. ಅದು ಬೂಟ್ ಸಮಯದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ನಾಳೆಯದನ್ನಲ್ಲ. ಅದಕ್ಕಾಗಿ ಫೇಲ್ ಆದರೆ ಮತ್ತೆ ಎಬ್ಬಿಸು ಎನ್ನುವ ‘ರೀಸ್ಟಾರ್ಟ್ = ಆನ್-ಫೇಲ್ಯೂರ್’ ಕೂಡ ಇರಲಿ, ಆದರೆ ಅದನ್ನೊಂದನ್ನೇ ಬರೆದು ಕೈಬಿಡಬೇಡಿ. ಎರಡು ಪ್ರಯತ್ನಗಳ ನಡುವಿನ ಡೀಫಾಲ್ಟ್ ಬಿಡುವು 100 ಮಿಲಿಸೆಕೆಂಡು, ಮತ್ತು 10 ಸೆಕೆಂಡಿನೊಳಗೆ 5 ಸಲ ಸ್ಟಾರ್ಟ್ ಆದ ಮೇಲೆ ಸಿಸ್ಟಮ್‌ಡಿ ಮತ್ತೆ ಪ್ರಯತ್ನಿಸುವುದನ್ನೇ ನಿಲ್ಲಿಸಿಬಿಡುತ್ತದೆ; ಹಾಗಾಗಿ ಏಳುತ್ತಲೇ ಬೀಳುವ ಸರ್ವಿಸ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ತನ್ನ ಪಾಲಿನ ಅವಕಾಶಗಳನ್ನೆಲ್ಲ ಕಳೆದುಕೊಳ್ಳುತ್ತದೆ. ‘ರೀಸ್ಟಾರ್ಟ್‌ಸೆಕ್ = 5’ ಎಂದು ಸೇರಿಸಿದರೆ 10 ಸೆಕೆಂಡಿನಲ್ಲಿ ಎರಡು-ಮೂರು ಪ್ರಯತ್ನಗಳಷ್ಟೇ ನಡೆಯುತ್ತವೆ, ಮಿತಿ ತಾಗುವುದೇ ಇಲ್ಲ, ವಿಳಾಸ ಬಂದ ಕೂಡಲೇ ಸರ್ವಿಸ್ ಏಳುತ್ತದೆ.

ಫೇಲ್ ಆಗಿ ಕೆಂಪು ಅಕ್ಷರದಲ್ಲಿ ಹೇಳುವ ಸರ್ವಿಸ್ ಎಷ್ಟೋ ವಾಸಿ. ಪೋಸ್ಟ್‌ಗ್ರೆಸ್‌ನಲ್ಲಿ ಲೋಕಲ್‌ಹೋಸ್ಟ್ (ಆ ಮಷೀನಿನೊಳಗಷ್ಟೇ ಸಿಗುವ ವಿಳಾಸ) ಮತ್ತು 10.0.0.5 ಎರಡನ್ನೂ ಕೊಟ್ಟಿದ್ದರೆ, ಎರಡನೆಯದು ಸಿಗದಿದ್ದಾಗ ಅದು ಲಾಗಿನಲ್ಲಿ ಒಂದು ಎಚ್ಚರಿಕೆ ಬರೆದು ಲೋಕಲ್‌ಹೋಸ್ಟ್ ಮೇಲಷ್ಟೇ ಎದ್ದುನಿಲ್ಲುತ್ತದೆ. ಸ್ಟೇಟಸ್ ಹಸಿರಾಗಿಯೇ ಇರುತ್ತದೆ, ಬೇರೆ ಮಷೀನಿನ ಆಪ್‌ಗಳಿಗೆ ಮಾತ್ರ ಡೇಟಾಬೇಸ್ ಸಿಗುವುದಿಲ್ಲ. ಇಲ್ಲಿ ರೀಸ್ಟಾರ್ಟ್ ಸಾಲು ಕೂಡ ಸಹಾಯಕ್ಕೆ ಬಾರದು, ಏಕೆಂದರೆ ಸಿಸ್ಟಮ್‌ಡಿಯ ದೃಷ್ಟಿಯಲ್ಲಿ ಏನೂ ಫೇಲ್ ಆಗಿಲ್ಲ.

ಇಲ್ಲಿ ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ಈ ತೊಂದರೆ ರೀಬೂಟ್ ಆದ ದಿನವೇ ಏಕೆ ಕಾಣಿಸಿಕೊಳ್ಳುತ್ತದೆ? ತಪ್ಪು ಆ ದಿನ ಹುಟ್ಟಿದ್ದಲ್ಲ. ಯಾರೋ ತಿಂಗಳುಗಳ ಹಿಂದೆ /ರನ್ ಒಳಗೆ ಕೈಯಿಂದ ಒಂದು ಡೈರೆಕ್ಟರಿ ಮಾಡಿರುತ್ತಾರೆ. ಅದು ಮೆಮೊರಿಯಲ್ಲಿರುವ ಫೈಲ್ ಸಿಸ್ಟಮ್ ಆದ್ದರಿಂದ ರೀಬೂಟ್ ಆದೊಡನೆ ಮಾಯವಾಗುತ್ತದೆ, ಯೂನಿಟ್ ಫೈಲಿನಲ್ಲಿ ‘ರನ್‌ಟೈಮ್‌ಡೈರೆಕ್ಟರಿ’ ಬರೆದಿದ್ದರೆ ತಾನಾಗಿಯೇ ಮರಳಿ ಹುಟ್ಟುತ್ತದೆ. ಇನ್ಯಾರೋ ಡಿಸ್ಕನ್ನು ಕೈಯಿಂದ ಮೌಂಟ್ ಮಾಡಿ ಬೂಟ್ ಆಗುವಾಗ ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆಯುವುದನ್ನು ಮರೆತಿರುತ್ತಾರೆ, ಅಥವಾ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಬೂಲಿಯನ್ (ಆನ್/ಆಫ್ ಸೆಟ್ಟಿಂಗ್) ಬದಲಿಸುವಾಗ ಅದನ್ನು ಶಾಶ್ವತಗೊಳಿಸುವ ‘-ಪಿ’ ಹಾಕಿರುವುದಿಲ್ಲ. ಸರ್ವಿಸನ್ನು ರೀಸ್ಟಾರ್ಟ್ ಮಾಡಿ ನೋಡುವುದರಿಂದ ಇವುಗಳಲ್ಲಿ ಒಂದೂ ಬಯಲಾಗುವುದಿಲ್ಲ. ವರ್ಷವಿಡೀ ರೀಬೂಟ್ ಆಗದ ಸರ್ವರ್ ಎಂದು ಹೆಮ್ಮೆಪಡುವವರು, ಅಷ್ಟೂ ಕಾಲದ ಪರೀಕ್ಷಿಸದ ಬದಲಾವಣೆಗಳು ಅದರಲ್ಲಿ ಸೇರಿಕೊಂಡಿವೆಯೆಂಬುದನ್ನೂ, ಇನ್‌ಸ್ಟಾಲ್ ಆದ ಹೊಸ ಕರ್ನಲ್ ಇನ್ನೂ ಜಾರಿಗೆ ಬಂದಿಲ್ಲವೆಂಬುದನ್ನೂ ಗಮನಿಸಬೇಕು.

ಆದ್ದರಿಂದ ಯೂನಿಟ್ ಫೈಲ್, ಮೌಂಟ್ ಅಥವಾ ನೆಟ್‌ವರ್ಕ್ ಬದಲಿಸಿದ ವಾರದಲ್ಲಿಯೇ, ಏನು ಬದಲಿಸಿದೆವೆಂಬುದು ನೆನಪಿರುವಾಗಲೇ, ಬಳಕೆದಾರರಿಗೆ ತಿಳಿಸಿ ಒಮ್ಮೆ ರೀಬೂಟ್ ಮಾಡಿ. ಅದಕ್ಕೂ ಮೊದಲು /ವಾರ್/ಲಾಗ್/ಜರ್ನಲ್ ಡೈರೆಕ್ಟರಿ ಇದೆಯೇ ನೋಡಿಕೊಳ್ಳಿ. ಹಲವು ಸಿಸ್ಟಮ್‌ಗಳ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಅದು ಇಲ್ಲದಿದ್ದರೆ ಜರ್ನಲ್ ಕೂಡ /ರನ್ ಒಳಗೇ ಉಳಿದು ಪ್ರತಿ ಬೂಟಿಗೂ ಅಳಿಸಿಹೋಗುತ್ತದೆ, ಮತ್ತು ‘-ಬಿ -1’ ಕೊಟ್ಟು ಹಿಂದಿನ ಬೂಟಿನ ಲಾಗ್ ಕೇಳಿದಾಗ ನಿಮಗೆ ಓದಲು ಏನೂ ಸಿಗುವುದಿಲ್ಲ.