ರಾಜ್ಯಗಳ ಪಟ್ಟಿಗೂ ಫಂಕ್ಷನ್ ಪಾಯಿಂಟ್ ಕೊಡಬೇಕಾ?

ಪ್ರಶ್ನೆ: ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ರಾಜ್ಯ, ಅಳತೆಯ ಯೂನಿಟ್, ಪಾವತಿ ವಿಧಾನ, ಜಿಎಸ್‌ಟಿ ದರ ಅಂತ 20 ಮಾಸ್ಟರ್ ಟೇಬಲ್‌ಗಳಿವೆ. ವರ್ಷಗಟ್ಟಲೆ ಯಾರೂ ಅವನ್ನು ಮುಟ್ಟುವುದಿಲ್ಲ. ಫಂಕ್ಷನ್ ಪಾಯಿಂಟ್ (ಬಳಕೆದಾರರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸದ ಗಾತ್ರ ಅಳೆಯುವ ಯೂನಿಟ್) ಎಣಿಸುವಾಗ ಇವನ್ನು ಸೇರಿಸಬೇಕಾ, ಬಿಡಬೇಕಾ?

ಉತ್ತರ: ಐಎಫ್‌ಪಿಯುಜಿ (ಫಂಕ್ಷನ್ ಪಾಯಿಂಟ್ ಬಳಸುವವರ ಅಂತರರಾಷ್ಟ್ರೀಯ ಸಂಘ) ನಿಯಮದ ಪ್ರಕಾರ ಹೆಚ್ಚಿನವನ್ನು ಬಿಡಬೇಕು, ಜಿಎಸ್‌ಟಿ ದರದ್ದನ್ನು ಎಣಿಸಬೇಕು. ಆದರೆ "ಯಾರೂ ಮುಟ್ಟಲ್ಲ" ಅನ್ನುವುದು ಇಲ್ಲಿ ಕಾರಣವೇ ಅಲ್ಲ. ಎಲ್ಲರೂ ಎಡವುವುದು ಇಲ್ಲೇ.

ರಾಜ್ಯಗಳ ಟೇಬಲ್ ನೋಡಿ. 29 ಅಂದರೆ ಕರ್ನಾಟಕ, 36 ಅಂದರೆ ತೆಲಂಗಾಣ. ಒಂದು ಕೋಡ್, ಒಂದು ಹೆಸರು, ಅಷ್ಟೇ. ಅದೇನು ಕಲ್ಲಿನಲ್ಲಿ ಕೆತ್ತಿದ್ದಲ್ಲ, 2014ರಲ್ಲಿ ತೆಲಂಗಾಣ ಬಂತು, 2019ರಲ್ಲಿ ಲಡಾಖ್ ಬೇರೆಯಾಯಿತು, 2020ರಲ್ಲಿ ದಮನ್-ದಿಯು ಮತ್ತು ದಾದ್ರಾ-ನಗರ್ ಹವೇಲಿ ಒಂದಾದವು. ಹೀಗೆ ಬದಲಾದರೂ ಇದು ಕೋಡ್ ಡೇಟಾ. ಹೆಸರಿನ ಬದಲು ಕೋಡ್ ಇಟ್ಟಿರುವುದು ಡೇಟಾಬೇಸ್ ಚೊಕ್ಕವಾಗಿರಲಿ ಅಂತ, ಬಳಕೆದಾರರು ಕೇಳಿದ್ದಕ್ಕಲ್ಲ. ಒಂದೇ ಸಾಲಿನ ಸ್ಥಿರ ಮಾಹಿತಿ, ಡೀಫಾಲ್ಟ್ ಮೌಲ್ಯಗಳು, "ಇವಿಷ್ಟರಲ್ಲಿ ಒಂದನ್ನು ಆರಿಸಿ" ಅನ್ನುವ ಪಟ್ಟಿಗಳು, ಇವೂ ಇದೇ ಗುಂಪಿಗೆ ಸೇರುತ್ತವೆ.

"ಗ್ರಾಹಕರ ರಾಜ್ಯ ನಮ್ಮದಾ ಬೇರೆಯದಾ ಅಂತ ನೋಡಿಯೇ ಐಜಿಎಸ್‌ಟಿ (ಅಂತರರಾಜ್ಯ ಜಿಎಸ್‌ಟಿ) ಹಾಕುವುದು, ಅದು ಬಿಸಿನೆಸ್ ರೂಲ್ ಅಲ್ವಾ?" ಅಂತ ವಾದ ಮಾಡುವವರಿದ್ದಾರೆ. ರೂಲ್ ಹೌದು. ಆದರೆ ಆ ಹೋಲಿಕೆಗೆ ಬೇಕಾದ ಕೋಡ್ ಗ್ರಾಹಕರ ಫೈಲಿನಲ್ಲೇ ಇದೆ, ಅಲ್ಲಿ ಅದನ್ನು ಒಂದು ಡಿಇಟಿ (ಬಳಕೆದಾರರು ಗುರುತಿಸುವ ಮಾಹಿತಿಯ ಒಂದು ಅಂಶ) ಅಂತ ಎಣಿಸಿ ಆಗಿದೆ. ರಾಜ್ಯಗಳ ಟೇಬಲ್ ಮಾಡುವುದು ತೆರೆಯ ಮೇಲೆ ಹೆಸರು ತೋರಿಸುವ ಕೆಲಸ ಮಾತ್ರ.

ಈಗ ಜಿಎಸ್‌ಟಿ ದರಕ್ಕೆ ಬನ್ನಿ. ಎಚ್‌ಎಸ್‌ಎನ್ ಕೋಡ್ (ಸರಕಿನ ವರ್ಗ ಸೂಚಿಸುವ ಸಂಖ್ಯೆ), ದರ, ಯಾವ ದಿನದಿಂದ ಜಾರಿ, ಎಲ್ಲಿಯವರೆಗೆ. 2025ರ ಸೆಪ್ಟೆಂಬರ್ 21ರಂದು ಮಾರಿದ ಎಸಿಗೆ ಶೇ. 28, ಮಾರನೇ ದಿನ ಮಾರಿದ್ದಕ್ಕೆ ಶೇ. 18. ಹಳೇ ಬಿಲ್ಲಿನ ಎಸಿ ವಾಪಸ್ ಬಂದರೆ ಹಳೇ ದರದಲ್ಲೇ ಲೆಕ್ಕ ಆಗಬೇಕು. ಇದನ್ನು ಕೇಳಿದ್ದು ಅಕೌಂಟ್ಸ್‌ನವರು, ಪ್ರೋಗ್ರಾಮರ್ ಅಲ್ಲ. ಇದು ರೆಫರೆನ್ಸ್ ಡೇಟಾ, ಅಂದರೆ ಬಿಸಿನೆಸ್ ರೂಲ್ ನಡೆಸಲು ಬೇಕಾದ ಮಾಹಿತಿ, ಎಣಿಸಲೇಬೇಕು. ನಿಮ್ಮ ಸಾಫ್ಟ್‌ವೇರ್‌ನಲ್ಲೇ ದರ ಸೇರಿಸುವ, ತಿದ್ದುವ ಸ್ಕ್ರೀನ್ ಇದ್ದರೆ ಐಎಲ್‌ಎಫ್ (ಅಪ್ಲಿಕೇಶನ್ ತಾನೇ ನಿರ್ವಹಿಸುವ ಒಳಗಿನ ಫೈಲ್), ಇಷ್ಟು ಚಿಕ್ಕದಕ್ಕೆ 7 ಪಾಯಿಂಟ್. ಬೇರೆ ಅಪ್ಲಿಕೇಶನ್ ಅದನ್ನು ನೋಡಿಕೊಳ್ಳುತ್ತದೆ, ನೀವು ಸುಮ್ನೆ ಓದುತ್ತೀರಿ ಅಂದರೆ ಇಐಎಫ್ (ಹೊರಗಿನ ಫೈಲ್), 5 ಪಾಯಿಂಟ್. ದರಗಳನ್ನು ಪ್ರೋಗ್ರಾಮ್ ಒಳಗೇ ಬರೆದು ಕೂರಿಸಿದ್ದರೆ ಅದು ಐಎಲ್‌ಎಫ್ ಆಗುವುದಿಲ್ಲ.

ಇನ್ನೊಂದು ಮಾತು, ದುಡ್ಡು ಜಾಸ್ತಿ ಸೋರುವುದು ಇಲ್ಲಿಂದ. ಟೇಬಲ್ ಕೋಡ್ ಡೇಟಾ ಅಂತಾದರೆ ಅದರ ಸುತ್ತಲಿನ ಸ್ಕ್ರೀನ್‌ಗಳಿಗೂ ಪಾಯಿಂಟ್ ಇಲ್ಲ. ರಾಜ್ಯ ಸೇರಿಸುವ ಸ್ಕ್ರೀನ್ ಇಐ (ಮಾಹಿತಿ ಒಳಗೆ ಹಾಕುವ ಕ್ರಿಯೆ) ಅಲ್ಲ, ರಾಜ್ಯ ಆರಿಸುವ ಡ್ರಾಪ್‌ಡೌನ್ ಇಕ್ಯೂ (ಇರುವ ಮಾಹಿತಿ ತೆಗೆದು ತೋರಿಸುವ ಕ್ರಿಯೆ) ಅಲ್ಲ. ಲೆಕ್ಕ ಹಾಕಿ ನೋಡಿ: ಟೇಬಲ್‌ಗೆ 7, ಸೇರಿಸು, ತಿದ್ದು, ಅಳಿಸು ಅನ್ನುವ ಮೂರಕ್ಕೆ ತಲಾ 3, ಪಟ್ಟಿ ತೋರಿಸುವುದಕ್ಕೆ 3. ಒಂದು ಮಾಸ್ಟರ್‌ಗೆ 19. ಇಪ್ಪತ್ತಕ್ಕೂ ಹೀಗೇ ಎಣಿಸಿದರೆ 380. ಪಾಯಿಂಟ್ ಲೆಕ್ಕದಲ್ಲಿ ಬಿಲ್ ಮಾಡುವ ಕಾಂಟ್ರಾಕ್ಟ್‌ನಲ್ಲಿ ಇದು ಸಣ್ಣ ಮೊತ್ತವಲ್ಲ, ಕೊಡುವವರು ತಕರಾರು ತೆಗೆಯುವುದೂ ಸಹಜ.

ಹಾಗಾದರೆ ಆ ಕೆಲಸಕ್ಕೆ ಬೆಲೆಯೇ ಇಲ್ಲವಾ? ಇದೆ. ಶ್ರಮ ಇಲ್ಲ ಅಂತ ಯಾರೂ ಹೇಳುತ್ತಿಲ್ಲ, ಅದು ಫಂಕ್ಷನ್ ಗಾತ್ರಕ್ಕೆ ಸೇರುವುದಿಲ್ಲ ಅನ್ನುತ್ತಾರೆ, ಅಷ್ಟೇ. ಅಂಥದ್ದನ್ನು ಅಳೆಯಲು ಐಎಫ್‌ಪಿಯುಜಿಯೇ ಸ್ನ್ಯಾಪ್ ಅನ್ನುವ ಬೇರೆ ವಿಧಾನ ತಂದಿದೆ. ಅದರ ಪಾಯಿಂಟ್‌ಗಳನ್ನು ಮಾತ್ರ ಫಂಕ್ಷನ್ ಪಾಯಿಂಟ್ ಜೊತೆ ಕೂಡಿಸಬೇಡಿ.

ಮೇಲಿನದ್ದೆಲ್ಲ ಐಎಫ್‌ಪಿಯುಜಿ ಲೆಕ್ಕ. ನೆದರ್‌ಲೆಂಡ್ಸ್‌ನ ಸಾಫ್ಟ್‌ವೇರ್ ಅಳತೆಯ ಸಂಘ ನೆಸ್ಮಾ ಇಂಥ ಟೇಬಲ್‌ಗಳನ್ನು ಪೂರ್ತಿ ಬಿಡುವುದಿಲ್ಲ, ನೀವೇ ನಿರ್ವಹಿಸುವ ಕೋಡ್ ಟೇಬಲ್‌ಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಐಎಲ್‌ಎಫ್ ಅನ್ನುತ್ತದೆ. ಕಾಸ್ಮಿಕ್ ಅನ್ನುವ ಅಳತೆ ವಿಧಾನದಲ್ಲಿ ಇನ್ನೊಂದು ಥರ: ಬಿಲ್ ಹಾಕುವವರ ದೃಷ್ಟಿಯಲ್ಲಿ ರಾಜ್ಯಗಳ ಪಟ್ಟಿ ಲೆಕ್ಕಕ್ಕಿಲ್ಲ, ಅದನ್ನು ನಿರ್ವಹಿಸುವ ಅಡ್ಮಿನ್ ದೃಷ್ಟಿಯಲ್ಲಿ ಇದೆ. ನನಗೆ ಕೇಳಿದರೆ ಕಾಸ್ಮಿಕ್ ಹೇಳುವುದೇ ಹೆಚ್ಚು ನ್ಯಾಯ ಅನ್ನಿಸುತ್ತದೆ. ಆದರೆ ನಡೆಯುವುದು ನಿಮ್ಮ ಕಾಂಟ್ರಾಕ್ಟ್‌ನಲ್ಲಿ ಬರೆದಿರುವ ವಿಧಾನವೇ, ಹಾಗಾಗಿ ಮೊದಲು ಅದನ್ನು ತೆಗೆದು ಓದಿ. ಆಮೇಲೆ 20 ಟೇಬಲ್‌ಗಳ ಹೆಸರು ಬರೆದು, ಯಾವುದನ್ನು ಯಾಕೆ ಬಿಟ್ಟಿರಿ ಅಂತ ಪ್ರತಿಯೊಂದರ ಎದುರು ಒಂದು ಸಾಲು ಹಾಕಿ ಎಣಿಕೆಯ ಜೊತೆಗೇ ಕಳಿಸಿ.