ಒಂದೇ ಗುಡಿಗೆ ಮೂರು ಇಲಾಖೆ: ಕರ್ನಾಟಕದ ಸ್ಮಾರಕಗಳು ಕೈಬದಲಾದ ಬಗೆ

ಬೇಲೂರಿನ ಚನ್ನಕೇಶವನ ಪೂಜೆ, ಉತ್ಸವ, ಹುಂಡಿ ಎಲ್ಲವೂ ಮುಜರಾಯಿ ಇಲಾಖೆಯ ಲೆಕ್ಕ. ಅದೇ ಗುಡಿಯ ಒಂದು ಕಲ್ಲು ಅಲುಗಿದರೆ ಕೈಹಾಕಬೇಕಾದವರು ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ, ಅಂದರೆ ಎಎಸ್‌ಐ. ಪ್ರಾಕಾರದಾಚೆಯ ಚರಂಡಿ ಊರಿನ ಸ್ಥಳೀಯ ಸಂಸ್ಥೆಯದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೂ ಈ ಹಂಚಿಕೆ ಹಾಗೆಯೇ ಇದೆ. ಹಂಪಿಯ ವಿರೂಪಾಕ್ಷನದೂ ಇದೇ ಸ್ಥಿತಿ.

ಗುಡಿ ಸೋರಿದಾಗ, ಗೋಡೆ ಕುಸಿದಾಗ ‘ಇದನ್ನು ಆ ಇಲಾಖೆಯಿಂದ ಬಿಡಿಸಿ ಈ ಇಲಾಖೆಗೆ ಕೊಡಿ’ ಎಂಬ ಕೂಗು ಏಳುತ್ತದೆ. ಕೊಟ್ಟ ಮಾತ್ರಕ್ಕೆ ಸೋರುವುದು ನಿಲ್ಲುವುದಿಲ್ಲ. ಬೋರ್ಡು ಬದಲಾಗುವಷ್ಟು ಬೇಗ ಪಹಣಿಯೂ ಬದಲಾಗದು, ಬಜೆಟ್ಟಿನ ಲೆಕ್ಕಶೀರ್ಷಿಕೆಯೂ ಬದಲಾಗದು. ಇದು ಏಕೆ ಹೀಗಾಯಿತು ಎಂದು ತಿಳಿಯಬೇಕಾದರೆ ಏಕೀಕರಣಕ್ಕಿಂತ ಹಿಂದಕ್ಕೆ ಹೋಗಬೇಕು.

ಆಗ ಇಂದಿನ ಕರ್ನಾಟಕದ ಸ್ಮಾರಕಗಳು ಬೇರೆಬೇರೆ ಆಡಳಿತಗಳ ಕೈಯಲ್ಲಿದ್ದವು. ವಿಜಯಪುರ, ಬಾದಾಮಿ, ಐಹೊಳೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದು, ವೈಸ್‌ರಾಯ್ ಕರ್ಜನ್ ಕಾಲದ 1904ರ ಪುರಾತನ ಸ್ಮಾರಕ ಕಾಯ್ದೆಯ ವ್ಯಾಪ್ತಿಗೆ ಬರುತ್ತಿದ್ದವು. ಹಂಪಿ ಮದ್ರಾಸಿನದು, 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರುವವರೆಗೂ ಹಾಗೆಯೇ ಇತ್ತು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆಡಳಿತದಲ್ಲಿದ್ದವು. ಅಲ್ಲಿ 1914ರಲ್ಲಿ ಶುರುವಾದ ಪುರಾತತ್ವ ಇಲಾಖೆಯನ್ನು ಗುಲಾಂ ಯಾಜ್ದಾನಿ ಕಟ್ಟಿದರು. ಮೈಸೂರು ಸಂಸ್ಥಾನ ಅದಕ್ಕೂ ಮುಂಚೆ, 1885ರಲ್ಲೇ, ಇಲಾಖೆ ತೆರೆದಿತ್ತು. ಬಿ.ಎಲ್. ರೈಸ್, ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ.ಎಚ್. ಕೃಷ್ಣ ಅವರಂಥವರು ನಡೆಸಿದ ಇಲಾಖೆ ಅದು. ಸ್ಮಾರಕ ರಕ್ಷಣೆಗೆಂದೇ ಸಂಸ್ಥಾನ 1925ರಲ್ಲಿ ತನ್ನದೇ ಶಾಸನ ಮಾಡಿಕೊಂಡಿತು.

ಸಂವಿಧಾನ ಈ ಹೊಣೆಯನ್ನು ಮೂರು ಕಡೆ ಹಂಚಿತು. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 67ನೇ ನಮೂದಿನಲ್ಲಿ ರಾಷ್ಟ್ರೀಯ ಮಹತ್ವದ ಸ್ಮಾರಕಗಳು, ರಾಜ್ಯ ಪಟ್ಟಿಯ 12ನೇ ನಮೂದಿನಲ್ಲಿ ಉಳಿದ ಸ್ಮಾರಕಗಳು, ಸಮವರ್ತಿ ಪಟ್ಟಿಯ 40ನೇ ನಮೂದಿನಲ್ಲಿ ಉಳಿದ ಪುರಾತತ್ವ ನೆಲೆಗಳು. ಆಮೇಲೆ 1951ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿ, ಆ ಕಾಯ್ದೆಯದೇ ಅನುಸೂಚಿಯಲ್ಲಿ ಹೆಸರು ಬಂದ ಹಳೆಯ ಸಂಸ್ಥಾನಗಳ ಸ್ಮಾರಕಗಳನ್ನು ರಾಷ್ಟ್ರೀಯ ಮಹತ್ವದವು ಎಂದು ಘೋಷಿಸಿತು. ಮೈಸೂರಿನ ಹೆಸರಾಂತ ಗುಡಿಗಳು ಕೇಂದ್ರಕ್ಕೆ ಹೋದದ್ದು ಹೀಗೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 126ನೇ ಕಲಮು ಪಟ್ಟಿಗೆ ಇನ್ನಷ್ಟು ಸೇರಿಸಿತು; ಎಲ್ಲವನ್ನೂ 1958ರ ಕೇಂದ್ರ ಕಾಯ್ದೆ ಮುಂದುವರಿಸಿತು. ಪಟ್ಟಿಯ ಹೊರಗುಳಿದವಕ್ಕಾಗಿ ರಾಜ್ಯ 1961ರ ಕಾಯ್ದೆ ತಂದಿತು. ಇಂದು ರಾಜ್ಯದಲ್ಲಿ ಕೇಂದ್ರದ ಸ್ಮಾರಕಗಳು ಸುಮಾರು 500, ರಾಜ್ಯ ಪುರಾತತ್ವ ಇಲಾಖೆಯವು 800ಕ್ಕೂ ಹೆಚ್ಚು. ಎರಡೂ ಪಟ್ಟಿಯಲ್ಲಿಲ್ಲದ ಹಳೆಯ ಗುಡಿಗಳು ಇದರ ಎಷ್ಟೋ ಪಟ್ಟು.

ಆ ಗುಡಿಗಳಲ್ಲಿ ಬಹಳಷ್ಟು ಮುಜರಾಯಿಯವು. ಗುಡಿಗೆ ದತ್ತಿಯಾಗಿ ಬಿಟ್ಟ ಇನಾಂ ಜಮೀನಿನ ಆದಾಯದಲ್ಲಿ ಪೂಜೆ, ದುರಸ್ತಿ ಎರಡೂ ನಡೆಯುತ್ತಿದ್ದ ಕಾಲವಿತ್ತು. ಮೈಸೂರಿನಲ್ಲಿ 1955ರ ಕಾಯ್ದೆ ಧಾರ್ಮಿಕ ಇನಾಂಗಳನ್ನು ರದ್ದು ಮಾಡಿತು. ಜಮೀನಿನ ಬದಲಿಗೆ ತಸ್ತೀಕ್, ಅಂದರೆ ಸರ್ಕಾರ ಕೊಡುವ ವಾರ್ಷಿಕ ನಗದು, ಬಂತು. ಮುಜರಾಯಿಯ ಸುಮಾರು 34 ಸಾವಿರ ದೇವಾಲಯಗಳಲ್ಲಿ ‘ಎ’, ‘ಬಿ’ ವರ್ಗದವು ಕೆಲವೇ ನೂರು. ಉಳಿದವೆಲ್ಲ ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯದ ‘ಸಿ’ ವರ್ಗ. 2025–26ರ ಬಜೆಟ್‌ನಲ್ಲಿ ತಸ್ತೀಕ್ ಮೊತ್ತವನ್ನು ವರ್ಷಕ್ಕೆ 60,000ದಿಂದ 72,000 ರೂಪಾಯಿಗೆ ಏರಿಸಿದರು. ತಿಂಗಳಿಗೆ 6,000. ದೀಪದೆಣ್ಣೆ, ನೈವೇದ್ಯ, ಅರ್ಚಕರ ಬದುಕು ಅದರಲ್ಲೇ ಸಾಗಬೇಕು. ಮಾಳಿಗೆಯ ಗಾರೆಗೆ ಅದರಲ್ಲಿ ಒಂದು ಪೈಸೆಯೂ ಉಳಿಯದು.

ಈಗ ಹಸ್ತಾಂತರದ ಮಾತು. ಕೇಂದ್ರದ ಸ್ಮಾರಕ ರಾಜ್ಯಕ್ಕೆ ಬರಬೇಕಾದರೆ 1958ರ ಕಾಯ್ದೆಯ 35ನೇ ಕಲಮಿನ ಪ್ರಕಾರ ಅದು ರಾಷ್ಟ್ರೀಯ ಮಹತ್ವದ್ದಾಗಿ ಉಳಿದಿಲ್ಲ ಎಂದು ಅಧಿಸೂಚನೆ ಹೊರಡಬೇಕು. ರಾಜ್ಯ ತನ್ನ ಕಾಯ್ದೆಯಡಿ ಬೇರೆ ಅಧಿಸೂಚನೆ ಹೊರಡಿಸಬೇಕು. ಎರಡರ ನಡುವೆ ಅಂತರ ಬಿದ್ದರೆ ಆ ಅವಧಿಯಲ್ಲಿ ಸ್ಮಾರಕಕ್ಕೆ ಯಾವ ರಕ್ಷಣೆಯೂ ಇಲ್ಲ. ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ ಎರಡೂ ಕೇಂದ್ರದ ಕಾಯ್ದೆಯ ಬಲದಿಂದ ನಿಂತವು. ಘೋಷಣೆ ಹೋದ ದಿನವೇ ಅವೂ ಹೋಗುತ್ತವೆ. ಪಕ್ಕದ ಸೈಟಿನವನು ಪಾಯ ತೋಡಲು ಅಷ್ಟು ಸಮಯ ಸಾಕು. ಆದ್ದರಿಂದ ರಾಜ್ಯದ ಕರಡು ಮೊದಲೇ ಸಿದ್ಧವಿರಬೇಕು. ರಾಜ್ಯದ್ದು ಕೇಂದ್ರಕ್ಕೆ ಹೋಗುವಾಗ 4ನೇ ಕಲಮಿನಂತೆ ಎರಡು ತಿಂಗಳ ನೋಟಿಸ್, ಆಕ್ಷೇಪಣೆಗಳ ವಿಚಾರಣೆ, ಆಮೇಲೆ ಅಂತಿಮ ಘೋಷಣೆ.

ಎಡವುವುದು ಜಮೀನಿನಲ್ಲಿ. ಸಂರಕ್ಷಿತ ಎಂದು ಘೋಷಿಸಿದ ಮಾತ್ರಕ್ಕೆ ಜಾಗ ಇಲಾಖೆಯದಾಗುವುದಿಲ್ಲ. ಪಹಣಿಯಲ್ಲಿ ಅದು ಸರ್ಕಾರಿ ಖರಾಬು ಎಂದೋ, ದೇವರ ಹೆಸರಿನಲ್ಲೋ, ಯಾರದೋ ಹಿಡುವಳಿಯಾಗಿಯೋ ಉಳಿದಿರುತ್ತದೆ. ಹಳೆಯ ಅಧಿಸೂಚನೆಗಳಲ್ಲಿ ಎಷ್ಟೋ ಸಲ ಊರು, ಗುಡಿಯ ಹೆಸರು ಬಿಟ್ಟರೆ ಸರ್ವೆ ನಂಬರ್ ಇರುವುದಿಲ್ಲ. ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯಂತೂ ದೂರದ ಮಾತು. ಹಾಗಾಗಿ ಮೊದಲು ಭೂಮಾಪಕರಿಂದ ಅಳೆಸಿ ಹದ್ದುಬಸ್ತು (ಗಡಿ ಗುರುತು) ಮಾಡಿಸಿ, ಮೂಲೆಗಳಿಗೆ ಕಲ್ಲು ನೆಡಿಸಿ, ನಕಾಶೆಯನ್ನು ಅಧಿಸೂಚನೆಗೆ ಲಗತ್ತಿಸಿ, ಪಹಣಿಯಲ್ಲಿ ಇತರ ಹಕ್ಕು, ಋಣಗಳನ್ನು ಬರೆಯುವ 11ನೇ ಕಾಲಮ್ಮಿನಲ್ಲಿ ‘ಸಂರಕ್ಷಿತ ಸ್ಮಾರಕ’ ಎಂದು ನಮೂದು ಮಾಡಿಸಬೇಕು. ಈ ನಮೂದಿಲ್ಲದೆ ಒತ್ತುವರಿ ಮೊಕದ್ದಮೆ ನ್ಯಾಯಾಲಯದಲ್ಲಿ ನಿಲ್ಲುವುದು ಬಲು ಕಷ್ಟ.

ಹಣದ ದಾರಿ ಇನ್ನೂ ಇಕ್ಕಟ್ಟು. ಬಜೆಟ್ಟಿನಲ್ಲಿ ಪ್ರತಿ ಬಗೆಯ ವೆಚ್ಚಕ್ಕೂ ಒಂದು ಲೆಕ್ಕಶೀರ್ಷಿಕೆ ಸಂಖ್ಯೆ ಇರುತ್ತದೆ: ಪುರಾತತ್ವದ್ದು 2205 (ಕಲೆ ಮತ್ತು ಸಂಸ್ಕೃತಿ), ಮುಜರಾಯಿಯದು 2250, ಪ್ರವಾಸೋದ್ಯಮದ್ದು 3452. ಒಂದೇ ಬೇಡಿಕೆಯ, ಅಂದರೆ ಸದನ ಒಟ್ಟಾಗಿ ಮಂಜೂರು ಮಾಡುವ ಅನುದಾನದ, ಒಳಗೆ ಹಣವನ್ನು ಒಂದು ಕೆಲಸದಿಂದ ಇನ್ನೊಂದಕ್ಕೆ ಪುನರ್ವಿನಿಯೋಗ ಮಾಡಬಹುದು. ಬೇರೆ ಬೇಡಿಕೆಗೆ ದಾಟಿಸಲು ಇಲಾಖೆಗೆ ಅಧಿಕಾರವಿಲ್ಲ. ಅದಕ್ಕೆ ಪೂರಕ ಅಂದಾಜು ಸದನದ ಮುಂದೆ ಬರಬೇಕು. ಅಕ್ಟೋಬರಿನಲ್ಲಿ ಸ್ಮಾರಕ ಕೈಬದಲಾದರೆ ಹೊಸ ಇಲಾಖೆಯಲ್ಲಿ ಅದಕ್ಕೆ ಹಣವಿಲ್ಲ, ಹಳೆಯ ಇಲಾಖೆ ಖರ್ಚು ಮಾಡುವಂತಿಲ್ಲ, ಮಾರ್ಚ್ 31ಕ್ಕೆ ಉಳಿಕೆ ಲ್ಯಾಪ್ಸ್. ಕಾವಲುಗಾರನ ಸಂಬಳ ಮೊದಲು ನಿಲ್ಲುವುದು ಇಲ್ಲೇ. ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಆದೇಶ ಮಾಡಿದರೆ ಈ ತೊಡಕಿನ ಅರ್ಧ ಕಳೆಯುತ್ತದೆ. ಟಿಕೆಟ್ ಹಣ ಇದೆಯಲ್ಲ ಎಂದು ಕೇಳುವವರಿದ್ದಾರೆ. ಎಎಸ್‌ಐ ವಸೂಲು ಮಾಡುವ ಪ್ರವೇಶ ಶುಲ್ಕ ಭಾರತದ ಸಂಚಿತ ನಿಧಿಗೆ ಸೇರುತ್ತದೆ, ಆ ಸ್ಮಾರಕಕ್ಕೆಂದು ಮೀಸಲಾಗಿ ಮರಳುವುದಿಲ್ಲ. ಇತ್ತ ಆದಾಯವಿರುವ ಗುಡಿಯ ಖಾತೆಯಲ್ಲಿ ಹಣವಿದ್ದರೂ ಸಂರಕ್ಷಿತ ಕಟ್ಟಡದ ಮೇಲೆ ಅದನ್ನು ಹಾಗೇ ಖರ್ಚು ಮಾಡುವಂತಿಲ್ಲ.

ಅನುಮತಿ ಕೇಳದೆ ಖರ್ಚು ಮಾಡಿದಾಗ ಏನಾಗುತ್ತದೆ ಎಂಬುದನ್ನು ಮಾಳಿಗೆ ಹತ್ತಿ ನೋಡಬೇಕು. ಕಲ್ಲುಚಪ್ಪಡಿಯ ಮೇಲೆ ಇಟ್ಟಿಗೆ ಚೂರು ಹಾಗೂ ಸುಣ್ಣದ ಗಾರೆಯ ಪದರ ಇರುತ್ತದೆ. ಅದು ಬಿರಿದು ಸೋರತೊಡಗಿದಾಗ ಬಿರಿದ ಭಾಗವನ್ನು ಕೆತ್ತಿ ತೆಗೆದು, ಅರಳಿಸಿದ ಸುಣ್ಣ, ಮರಳು, ಸುರ್ಕಿಗೆ (ಇಟ್ಟಿಗೆ ಪುಡಿ) ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಗಾರೆ ಹಾಕಿ, ಬಡಿದು, ದಿನಗಟ್ಟಲೆ ತೇವ ಆರದಂತೆ ಕಾಯಬೇಕು. ಆತುರದವರು ಹಳೆಯದರ ಮೇಲೆಯೇ ನಾಲ್ಕು ಇಂಚು ಸಿಮೆಂಟ್ ಕಾಂಕ್ರೀಟ್ ಸುರಿಯುತ್ತಾರೆ. ಚದರ ಮೀಟರಿಗೆ 240 ಕಿಲೋ ಹೊಸ ಭಾರ. ಕಲ್ಲಿನ ತೊಲೆ ಎಳೆತ ತಡೆಯುವ ವಸ್ತುವಲ್ಲ. ಅದು ನಡುವೆ, ಕೆಳಮುಖದಲ್ಲಿ, ಸೀಳುತ್ತದೆ. ಸಿಮೆಂಟಿನಡಿ ಸಿಕ್ಕಿದ ತೇವ ಹೊರಹೋಗಲಾಗದೆ ಕಲ್ಲಿಗಿಳಿದು, ಉಪ್ಪು ಬಿಳಿಯಾಗಿ ಒಸರಿ, ಕೆತ್ತನೆಯ ಮೇಲ್ಪದರ ಪುಡಿಯಾಗಿ ಉದುರುತ್ತದೆ.

ಹಂಚಿಕೆ ಸ್ಪಷ್ಟವಿದ್ದರೆ ಕೆಲಸ ಆಗುತ್ತದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನ ಜೀರ್ಣೋದ್ಧಾರಗಳಲ್ಲಿ ಸರ್ಕಾರ ಶೇ 40, ಟ್ರಸ್ಟ್ ಶೇ 40, ಊರವರು ಶೇ 20 ಎಂಬ ಸೂತ್ರವಿದೆ. ಯಾರು ಎಷ್ಟು ಕೊಡಬೇಕು ಎಂಬುದು ಮೊದಲ ಕಲ್ಲು ಬಿಚ್ಚುವ ಮುನ್ನವೇ ತೀರ್ಮಾನವಾಗಿರುತ್ತದೆ. ಹಂಪಿಗೆ 2002ರ ಕಾಯ್ದೆಯಿಂದ ನಿರ್ವಹಣಾ ಪ್ರಾಧಿಕಾರ ಬಂತು. ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯ ಕಾರಣಕ್ಕೆ 1999ರಲ್ಲಿ ಯುನೆಸ್ಕೊದ ಅಪಾಯದ ಪಟ್ಟಿಗೆ ಸೇರಿದ್ದ ಹಂಪಿ 2006ರಲ್ಲಿ ಅದರಿಂದ ಹೊರಬಂತು. ಆದರೂ ಪ್ರಾಧಿಕಾರದ ಕೈಯಲ್ಲಿರುವುದು ಯೋಜನೆ, ಕಟ್ಟಡ ನಿಯಂತ್ರಣ. ಸ್ಮಾರಕಗಳ ದುರಸ್ತಿ ಹಳೆಯ ಇಲಾಖೆಗಳ ಬಳಿಯೇ ಇದೆ. ವಿರೂಪಾಕ್ಷ ಬಜಾರಿನ ಸಾಲುಮಂಟಪದ ಭಾಗ 2024ರ ಮೇ ತಿಂಗಳ ಮಳೆಗೆ ಕುಸಿಯಿತು.

ಹಸ್ತಾಂತರದ ದಿನ ಸಹಿಯಾಗುವ ಕಡತದಲ್ಲಿ ನಕಾಶೆ, ಮೂರ್ತಿಗಳ ಫೋಟೊ ಸಹಿತ ಪಟ್ಟಿ, ಹಿಂದಿನ ದುರಸ್ತಿಯ ದಾಖಲೆ, ಬಾಕಿ ಮೊಕದ್ದಮೆಗಳು ಇರಲೇಬೇಕು. ಇನ್ನೊಂದು ಸಣ್ಣ ವಸ್ತು ಬಹಳ ಸಲ ಮರೆತುಹೋಗುತ್ತದೆ. ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಪಕ್ಕದಲ್ಲಿ ತಾರೀಖು ಬರೆದಿರುತ್ತಾರೆ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಆ ತಾರೀಖುಗಳ ಪುಸ್ತಕ ಹಳೆಯ ಕಚೇರಿಯ ಬೀರುವಿನಲ್ಲೇ ಉಳಿದರೆ, ಹೊಸದಾಗಿ ಬಂದ ಎಂಜಿನಿಯರ್ ಒಡೆದ ಗಾಜನ್ನು ನೋಡಬಲ್ಲ. ಅದು ಹತ್ತು ವರ್ಷದಲ್ಲಿ ಒಡೆಯಿತೋ ಹತ್ತು ದಿನದಲ್ಲೋ ಹೇಳಲಾರ.