ಮಣ್ಣಲ್ಲಿ ಬೇರೂರುವ ಆರ್ಕಿಡ್‌ಗಳು

ಆರ್ಕಿಡ್ ಅಂದರೆ ಮರದ ಮೇಲೆ ಬೆಳೆಯುವ ಗಿಡ ಅಂತಲೇ ನಮ್ಮಲ್ಲಿ ಬಹಳ ಜನರ ಲೆಕ್ಕ. ಮಲೆನಾಡಿನ ಸೀತಾಳೆ ದಂಡೆ ನೋಡಿದವರಿಗೆ ಹಾಗನ್ನಿಸುವುದು ಸಹಜ. ನರ್ಸರಿಯಲ್ಲಿ ಸಿಗುವ ಡೆಂಡ್ರೋಬಿಯಂ ಕೂಡ ಇದ್ದಿಲು, ಇಟ್ಟಿಗೆ ಚೂರಿನ ಮೇಲೆಯೇ ಬೇರು ಹರಡಿಕೊಂಡು ನಿಂತಿರುತ್ತದೆ. ಆದರೆ ಭಾರತದಲ್ಲಿ ದಾಖಲಾಗಿರುವ 1,250ಕ್ಕೂ ಹೆಚ್ಚು ಆರ್ಕಿಡ್ ಜಾತಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೆಲದಲ್ಲೇ ಬೆಳೆಯುವಂಥವು. ಮಣ್ಣಲ್ಲೇ ಬೇರು, ಮಣ್ಣಲ್ಲೇ ಗೆಡ್ಡೆ.

ಮೈಸೂರು, ಮಂಡ್ಯದ ಕಡೆ ಮನೆಯಲ್ಲಿ ಆರ್ಕಿಡ್ ಬೆಳೆಸಬೇಕು ಅನ್ನುವವರಿಗೆ ನಾನು ಹೇಳುವುದು ಈ ನೆಲದ ಆರ್ಕಿಡ್‌ಗಳನ್ನೇ. ಕಾರಣ ಇಷ್ಟೇ. ನಮ್ಮದು ಮಲೆನಾಡಿನ ಹವೆ ಅಲ್ಲ. ಮಾರ್ಚ್ ಬಂತೆಂದರೆ ಗಾಳಿಯಲ್ಲಿ ತೇವವೇ ಇರುವುದಿಲ್ಲ. ತೂಗು ಹಾಕಿದ ಆರ್ಕಿಡ್‌ನ ಬೇರು ಮಧ್ಯಾಹ್ನದೊಳಗೆ ಒಣಗಿ ಹೋಗುತ್ತದೆ, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸುತ್ತಾ ಕೂರಬೇಕು. ಮಣ್ಣೊಳಗಿನ ಬೇರಿಗೆ ಆ ಕಷ್ಟ ಇಲ್ಲ.

ಇವು ಗಟ್ಟಿ ಗಿಡಗಳು. ಆದರೆ ಗಟ್ಟಿತನ ಊರಿಂದ ಊರಿಗೆ ಬೇರೆ. ಯುರೋಪಿನವರು ಗಟ್ಟಿ ಆರ್ಕಿಡ್ ಅನ್ನುವುದು ಹಿಮದಡಿ ಚಳಿಗಾಲ ಕಳೆಯುವ ಸಿಪ್ರಿಪೀಡಿಯಂ, ಡ್ಯಾಕ್ಟೈಲೋರೈಜಾದಂಥವನ್ನು. ಅವುಗಳ ಮೊಗ್ಗು ಎಚ್ಚರಗೊಳ್ಳಬೇಕಾದರೆ ತಿಂಗಳುಗಟ್ಟಲೆ ಕೊರೆಯುವ ಚಳಿ ಬೇಕು. ನಮ್ಮ ಡಿಸೆಂಬರ್ ರಾತ್ರಿಯ ಚಳಿ ಅವಕ್ಕೆ ಯಾವ ಲೆಕ್ಕಕ್ಕೂ ಇಲ್ಲ. ಆನ್‌ಲೈನ್‌ನಲ್ಲಿ ಚಿತ್ರ ನೋಡಿ ಅಂಥ ಗೆಡ್ಡೆ ತರಿಸಬೇಡಿ, ದುಡ್ಡು ದಂಡ. ನಮಗೆ ಬೇಕಾದ್ದು ಬೇಸಿಗೆ ತಾಳುವ ಗಟ್ಟಿತನ. ಅದಿರುವ ಗಿಡಗಳು ನಮ್ಮ ಹತ್ತಿರವೇ ಇವೆ.

ಶುರು ಮಾಡುವವರಿಗೆ ಸ್ಪಾಥೊಗ್ಲಾಟಿಸ್. ನರ್ಸರಿಗಳಲ್ಲಿ ಗ್ರೌಂಡ್ ಆರ್ಕಿಡ್ ಅಂತ ಕೇಳಿದರೆ ಇದನ್ನೇ ಕೊಡುತ್ತಾರೆ. ಮಡಿಕೆ ಮಡಿಕೆಯ ಉದ್ದನೆ ಎಲೆ, ನೇರಳೆ, ಹಳದಿ ಅಥವಾ ಬಿಳಿ ಹೂ. ಒಂದೇ ಕಡ್ಡಿಯಲ್ಲಿ ಒಂದಾದ ಮೇಲೊಂದು ಅರಳುತ್ತಾ ಹೋಗುತ್ತವೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಕ್ಕರೆ ಸಾಕು. ಇನ್ನೂ ಬಿಸಿಲಿರುವ ಜಾಗಕ್ಕೆ ಅರುಂಡಿನ, ಅಂದರೆ ಬಿದಿರು ಆರ್ಕಿಡ್. ಆಳೆತ್ತರ ಬೆಳೆಯುತ್ತದೆ. ಒಂದೊಂದು ಹೂ ಕೆಲವೇ ದಿನ ಇದ್ದರೂ ಮತ್ತೆ ಮತ್ತೆ ಬಿಡುತ್ತಲೇ ಇರುತ್ತದೆ. ನೆರಳಿನ ಮೂಲೆಗೆ ಫೇಯಸ್ ಒಗ್ಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ್ದು ಜಿಯೊಡೋರಮ್. ಮಳೆ ಬಿದ್ದ ಮೇಲೆ ಎಲೆಯ ಪಕ್ಕದಿಂದ ಒಂದು ಕಡ್ಡಿ ಏಳುತ್ತದೆ. ಒಂದಿಷ್ಟು ಎತ್ತರಕ್ಕೆ ಬಂದು ತುದಿ ಪೂರ್ತಿ ಕೆಳಕ್ಕೆ ಬಾಗಿಬಿಡುತ್ತದೆ. ಹೂಗೊಂಚಲು ನೆಲವನ್ನೇ ನೋಡುತ್ತಾ ಅರಳುತ್ತದೆ. ಪರಾಗಸ್ಪರ್ಶ ಆಗಿ ಕಾಯಿ ಕಟ್ಟಿತೋ, ಅದೇ ಕಡ್ಡಿ ದಿನೇ ದಿನೇ ನೆಟ್ಟಗಾಗುತ್ತಾ ಹೋಗುತ್ತದೆ. ಕಾಯಿ ಒಡೆಯುವ ಹೊತ್ತಿಗೆ ಆಕಾಶ ನೋಡುತ್ತಾ ನಿಂತಿರುತ್ತದೆ. ಬೀಜ ಗಾಳಿಗೆ ಹೋಗಬೇಕಲ್ಲ, ಎತ್ತರ ಬೇಕು. ಒಂದೇ ಕಡ್ಡಿ ಹೂವಿಗೊಂದು ಭಂಗಿ, ಬೀಜಕ್ಕೊಂದು ಭಂಗಿ ಇಟ್ಟುಕೊಂಡಿರುವುದನ್ನು ಮನೆ ಅಂಗಳದಲ್ಲೇ ನೋಡಬಹುದು.

ಮಣ್ಣಿನ ವಿಷಯದಲ್ಲಿ ಒಂದೇ ಮಾತು: ನೀರು ನಿಲ್ಲಬಾರದು. ಮಂಡ್ಯದ ಗದ್ದೆ ಬಯಲಿನ ಜಿಗಟು ಮಣ್ಣು ಇದಕ್ಕಾಗುವುದಿಲ್ಲ. ಕೆಮ್ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಸಮಸಮ ಹಾಕಿ, ಒಂದು ಹಿಡಿ ಇದ್ದಿಲ ಚೂರು ಸೇರಿಸಿ. ಹೊಂಗೆ ಮರದಡಿ ಕೊಳೆತ ಎಲೆ ಸಿಕ್ಕರೆ ಬಹಳ ಒಳ್ಳೆಯದು. ತೆಂಗಿನ ನಾರು ಬಳಸುವುದಾದರೆ ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪು ಬಿಡಿಸಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಆ ಉಪ್ಪು ಬೇರಿಗೂ ಅಂಟುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ವಾಸಿ. ಬಸವನಹುಳು ರಾತ್ರಿ ಬಂದು ಎಳೆ ಮೊಳಕೆ ತಿಂದು ಹೋಗುತ್ತದೆ. ಮಳೆಗಾಲದಲ್ಲಿ ಟಾರ್ಚ್ ಹಿಡಿದು ಹುಡುಕಿ ತೆಗೆಯುವುದೇ ದಾರಿ.

ಇಷ್ಟು ಸುಲಭ. ಜನ ಎಡವುವುದು ಗಿಡ ಮಲಗುವ ಕಾಲದಲ್ಲಿ.

ಹ್ಯಾಬೆನೇರಿಯ ಅನ್ನುವ ಆರ್ಕಿಡ್ ನಮ್ಮ ಘಟ್ಟದ ಹುಲ್ಲುಗಾವಲಿನಲ್ಲಿ ಮಳೆಗಾಲಕ್ಕೆ ಬಿಳಿ ಹೂ ಬಿಡುತ್ತದೆ. ಅದರ ಬುಡವನ್ನು ಹೂ ಬಿಟ್ಟ ಹೊತ್ತಿನಲ್ಲಿ ನೋಡಿದರೆ ಎರಡು ಗೆಡ್ಡೆ ಕಾಣುತ್ತವೆ. ಒಂದು ಕಂದು, ಸುಕ್ಕುಗಟ್ಟಿದ್ದು. ಅದು ಕಳೆದ ವರ್ಷದ್ದು. ಈ ವರ್ಷದ ಎಲೆ, ಹೂವಿಗೆಲ್ಲ ಅದರ ಹಿಟ್ಟೇ ಖರ್ಚಾಗಿದೆ. ಪಕ್ಕದಲ್ಲಿ ಇನ್ನೊಂದು ಬೆಳ್ಳಗೆ, ಗಟ್ಟಿಯಾಗಿ ತುಂಬಿಕೊಳ್ಳುತ್ತಿರುತ್ತದೆ. ಅದು ಬರುವ ವರ್ಷದ್ದು. ಮಳೆ ಹಿಂದೆ ಸರಿದು ದೀಪಾವಳಿ ದಾಟುವಷ್ಟರಲ್ಲಿ ಎಲೆ ಹಳದಿಯಾಗಿ ಒಣಗುತ್ತದೆ, ಹಳೆ ಗೆಡ್ಡೆ ಕರಗುತ್ತದೆ. ಹೊಸ ಗೆಡ್ಡೆ ಒಂದೇ ಮಣ್ಣಲ್ಲಿ ಉಳಿದು ಬೇಸಿಗೆಯೆಲ್ಲ ಮಲಗುತ್ತದೆ.

ಎಲೆ ಒಣಗಿದ್ದು ಕಂಡ ಕೂಡಲೇ ನಾವು ಏನು ಮಾಡುತ್ತೇವೆ? ಪಾಪ, ಬಾಡಿದೆ ಅಂತ ಇನ್ನೊಂದು ಚೊಂಬು ನೀರು ಹಾಕುತ್ತೇವೆ. ಆ ನೀರೇ ಅದಕ್ಕೆ ಮುಳುವು. ಆಗ ಗೆಡ್ಡೆಗೆ ನೀರು ಹೀರುವ ಬೇರೂ ಇಲ್ಲ, ಆವಿ ಮಾಡುವ ಎಲೆಯೂ ಇಲ್ಲ. ತೇವದಲ್ಲಿ ಕೂತು ಕೊಳೆಯುತ್ತದೆ. ಜಿಯೊಡೋರಮ್, ಯುಲೋಫಿಯ ಇವೂ ಹೀಗೆ ಮಲಗುವಂಥವೇ. ಎಲೆ ಹಳದಿಯಾಗಲು ಶುರುವಾದ ಕೂಡಲೇ ನೀರು ಕಡಿಮೆ ಮಾಡಿ, ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ. ಕುಂಡವನ್ನು ಮಳೆ ಬೀಳದ ನೆರಳಿಗೆ ಸರಿಸಿ. ಏಪ್ರಿಲ್ ಕೊನೆಗೆ, ಭರಣಿ ಮಳೆಗೆ ಮುಂಚೆ, ಹೊಸ ಮಣ್ಣಿಗೆ ಬದಲಾಯಿಸಿ. ಮೈಸೂರಿನ ಕಡೆ ಮೇ ತಿಂಗಳಲ್ಲೇ ಒಳ್ಳೆಯ ಮಳೆ ಆಗುತ್ತದಲ್ಲ, ಅದು ಇವಕ್ಕೆ ಏಳುವ ಕಾಲ. ಮೊಳಕೆ ಮಣ್ಣು ಸೀಳಿ ಬಂದ ಮೇಲಷ್ಟೇ ನೀರು ಜಾಸ್ತಿ ಮಾಡಿ. ಸ್ಪಾಥೊಗ್ಲಾಟಿಸ್‌ಗೆ ಇಷ್ಟು ಕಟ್ಟುನಿಟ್ಟಿಲ್ಲ. ನೀರಿದ್ದರೆ ವರ್ಷಪೂರ್ತಿ ಹಸಿರಾಗಿರುತ್ತದೆ.

ಇನ್ನು ಗಿಡ ಹೆಚ್ಚಿಸುವುದು. ಆರ್ಕಿಡ್ ಕಾಯಿ ಒಡೆದರೆ ಒಳಗಿರುವುದು ರಾಗಿ ಹಿಟ್ಟಿಗಿಂತ ನಯವಾದ ಪುಡಿ. ಅದರ ಒಂದೊಂದು ಕಣವೂ ಒಂದೊಂದು ಬೀಜ. ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಒಂದು ನೆಲದ ಆರ್ಕಿಡ್‌ನ ಕಾಯಿಯಲ್ಲಿ ಸುಮಾರು 6,200 ಬೀಜ ಎಣಿಸಿದ. ಇಡೀ ಗಿಡಕ್ಕೆ 1,86,300 ಅಂತ ಲೆಕ್ಕ ಹಾಕಿದ. ಎಲ್ಲ ಹುಟ್ಟಿಬಿಟ್ಟರೆ ಆ ಒಂದು ಗಿಡದ ಮರಿಮಕ್ಕಳೇ ಭೂಮಿಯ ನೆಲವನ್ನೆಲ್ಲ ಹೆಚ್ಚುಕಮ್ಮಿ ಮುಚ್ಚಿಬಿಡುತ್ತವೆ ಅಂತಲೂ ಬರೆದ. ಹಾಗೆ ಆಗುತ್ತಿಲ್ಲ ಯಾಕೆ?

ಯಾಕೆಂದರೆ ಈ ಬೀಜಕ್ಕೆ ಬುತ್ತಿ ಇಲ್ಲ. ಹುರುಳಿ, ಜೋಳದ ಕಾಳಿನಲ್ಲಿ ಮೊಳಕೆಗೆ ಬೇಕಾದ ಆಹಾರ ತುಂಬಿರುತ್ತದೆ. ಆರ್ಕಿಡ್ ಬೀಜದಲ್ಲಿ ಕೆಲವು ಜೀವಕೋಶದ ಭ್ರೂಣ, ಸುತ್ತ ತೆಳ್ಳನೆ ಸಿಪ್ಪೆ, ಅಷ್ಟೇ. ಹಗುರ ಆದ್ದರಿಂದ ಗಾಳಿಯಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. 1883ರಲ್ಲಿ ಇಂಡೊನೇಷ್ಯಾದ ಕ್ರಕಟೋವ ದ್ವೀಪದ ಜ್ವಾಲಾಮುಖಿ ಸಿಡಿದು ಆ ದ್ವೀಪ ಬರೀ ಬೂದಿಯಾಗಿತ್ತು. ಹದಿನೈದು ವರ್ಷದೊಳಗೆ ಅಲ್ಲಿಗೆ ಹೋದ ಸಸ್ಯವಿಜ್ಞಾನಿಗಳಿಗೆ ಆರ್ಕಿಡ್‌ಗಳು ಸಿಕ್ಕವು. ಅದರಲ್ಲಿ ನಮ್ಮ ಕುಂಡದ ಸ್ಪಾಥೊಗ್ಲಾಟಿಸ್ ಕೂಡ ಒಂದು. ಸಮುದ್ರ ದಾಟಿ ಹೋಗುವುದು ಇದಕ್ಕೆ ಕಷ್ಟವಲ್ಲ. ಹೋದಲ್ಲಿ ಊಟ ಹುಟ್ಟಿಸಿಕೊಳ್ಳುವುದು ಕಷ್ಟ.

ಊಟ ಕೊಡುವುದು ಯಾರು ಅನ್ನುವುದನ್ನು 1899ರಲ್ಲಿ ಕಂಡುಕೊಂಡವನು ನೋಯೆಲ್ ಬರ್ನಾರ್ ಅನ್ನುವ ಫ್ರೆಂಚ್ ಯುವಕ. ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದಾಗ ಕಾಡಿನ ಮಣ್ಣಲ್ಲಿ ಹೂತ ಆರ್ಕಿಡ್ ಕಾಯಿಯೊಂದರಲ್ಲಿ ಬೀಜಗಳು ಮೊಳೆತಿರುವುದನ್ನು ನೋಡಿದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಮೊಳಕೆಯೊಳಗೂ ಶಿಲೀಂಧ್ರದ ಎಳೆ. ಅದು ಮಣ್ಣಲ್ಲಿ ಕೊಳೆಯುವ ಎಲೆ, ಕಡ್ಡಿಯಿಂದ ಸಕ್ಕರೆ ಸಂಪಾದಿಸಿ ಬೀಜದೊಳಕ್ಕೆ ತರುತ್ತದೆ. ಜೀವಕೋಶದ ಒಳಗೆ ಉಂಡೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಆರ್ಕಿಡ್ ಆ ಉಂಡೆಗಳನ್ನೇ ಜೀರ್ಣಿಸಿಕೊಳ್ಳುತ್ತದೆ. ಹಸಿರೆಲೆ ಬರುವವರೆಗೆ ಸಸಿಯ ಬದುಕೆಲ್ಲ ಇದರ ಮೇಲೆಯೇ ನಡೆಯುತ್ತದೆ.

1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಬೀಜಕ್ಕೆ ಬೇಕಾದ್ದು ಸಕ್ಕರೆ ತಾನೆ, ನೇರವಾಗಿ ಕೊಟ್ಟರೆ ಆಯಿತು ಅಂತ ಅಗಾರ್‌ಗೆ, ಅಂದರೆ ಕಡಲಪಾಚಿಯಿಂದ ತೆಗೆಯುವ ಗಟ್ಟಿಯಾಗುವ ಅಂಟಿಗೆ, ಸಕ್ಕರೆ, ಲವಣ ಬೆರೆಸಿ ಬಿತ್ತಿದ. ಶಿಲೀಂಧ್ರ ಇಲ್ಲದೆಯೇ ಮೊಳೆಯಿತು. ಇವತ್ತು ಅಂಗಡಿಗೆ ಬರುವ ಲಕ್ಷಾಂತರ ಆರ್ಕಿಡ್‌ಗಳ ಹಿಂದೆ ಇರುವುದು ಈ ಬಾಟಲಿ ವಿದ್ಯೆ. ಇದಕ್ಕೆ ಮುಖ್ಯವಾಗಿ ಬೇಕಾದ್ದು ಸಕ್ಕರೆ, ಮಂಡ್ಯದವರಿಗೆ ಅದು ಹತ್ತಿರದ ಸಾಮಾನೇ. ಲೀಟರಿಗೆ 20 ಗ್ರಾಂ ಸಕ್ಕರೆ, 7-8 ಗ್ರಾಂ ಅಗಾರ್, ಸಸ್ಯ ಅಂಗಾಂಶ ಕೃಷಿಗೆ ಮಾರುವ ಲವಣದ ಪುಡಿ ಪೊಟ್ಟಣದ ಮೇಲೆ ಹೇಳಿದ್ದರ ಅರ್ಧದಷ್ಟು, ಜೊತೆಗೆ ಬೇಕಾದರೆ 100 ಮಿಲಿಲೀಟರ್ ಎಳನೀರು. ಎಳನೀರಿನಲ್ಲಿ ಜೀವಕೋಶ ಒಡೆಯಲು ಪ್ರೇರೇಪಿಸುವ ಹಾರ್ಮೋನುಗಳಿವೆ. ಬಾಟಲಿ ಮುಚ್ಚಿ ಪ್ರೆಷರ್ ಕುಕ್ಕರಿನಲ್ಲಿ 20 ನಿಮಿಷ ಬೇಯಿಸಬೇಕು. ಕಾಯಿ ಹಸಿರಿದ್ದಾಗಲೇ, ಒಡೆಯುವ ಮುಂಚೆ ಕಿತ್ತರೆ ಒಳಗಿನ ಬೀಜ ಶುದ್ಧವಾಗಿರುತ್ತದೆ, ಹೊರಮೈ ಶುಚಿ ಮಾಡಿದರೆ ಸಾಕು. ಗಾಳಿಯಲ್ಲಿನ ಒಂದೇ ಒಂದು ಬೂಷ್ಟಿನ ಕಣ ಬಿದ್ದರೂ ಆ ಸಕ್ಕರೆಯನ್ನೆಲ್ಲ ಅದೇ ತಿಂದು ಬಾಟಲಿ ತುಂಬುತ್ತದೆ. ಇದೊಂದೇ ಇದರ ದೊಡ್ಡ ತೊಡಕು. ಶಾಲೆ, ಕಾಲೇಜಿನ ಪ್ರಯೋಗಾಲಯದಲ್ಲಿ ಮಕ್ಕಳ ಜೊತೆ ಮಾಡಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ.

ಬಾಟಲಿ ಬೇಡ ಅನ್ನುವವರು ಹಳೆಯ ದಾರಿ ಹಿಡಿಯಬಹುದು. 1849ರಲ್ಲೇ ಡಬ್ಲಿನ್ನಿನ ಸಸ್ಯೋದ್ಯಾನದ ಡೇವಿಡ್ ಮೂರ್ ಬೀಜವನ್ನು ತಾಯಿ ಗಿಡದ ಬುಡಕ್ಕೇ ಉದುರಿಸಿ ಸಸಿ ಪಡೆದಿದ್ದ. ಶಿಲೀಂಧ್ರ ಅಲ್ಲಿ ಮೊದಲೇ ಇರುತ್ತದೆ ಅನ್ನುವುದು ಆಗ ಅವನಿಗೂ ತಿಳಿದಿರಲಿಲ್ಲ. ಸ್ಪಾಥೊಗ್ಲಾಟಿಸ್ ತನ್ನಷ್ಟಕ್ಕೆ ಪರಾಗಸ್ಪರ್ಶ ಮಾಡಿಕೊಂಡು ಕಾಯಿ ಬಿಡುತ್ತದೆ. ಒಂದೆರಡು ಕಾಯಿ ಕೀಳದೆ ಬಿಡಿ, ಪಕ್ಕದ ಕುಂಡಗಳಲ್ಲಿ ಸುಮ್ನೆ ಸಸಿ ಏಳುವುದುಂಟು. ಆ ಕುಂಡಗಳಿಗೆ ಶಿಲೀಂಧ್ರನಾಶಕ ಮಾತ್ರ ಸುರಿಯಬೇಡಿ.

ಎಲ್ಲಕ್ಕಿಂತ ಸುಲಭ ಅಂದರೆ ಬುಡ ಬಿಡಿಸುವುದು. ಸ್ಪಾಥೊಗ್ಲಾಟಿಸ್‌ನ ಗೆಡ್ಡೆಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಒಂದೊಂದು ತುಂಡಿನಲ್ಲಿ ಮೂರು ಗೆಡ್ಡೆ ಇರುವಂತೆ, ಬೆಂಕಿಗೆ ಹಿಡಿದು ಆರಿಸಿದ ಚಾಕುವಿನಿಂದ ಕೊಯ್ಯಿರಿ. ಚಾಕು ಸುಡದೆ ಗಿಡದಿಂದ ಗಿಡಕ್ಕೆ ಹೋದರೆ ವೈರಸ್ ಹರಡುತ್ತದೆ, ಅದಕ್ಕೆ ಔಷಧಿಯೇ ಇಲ್ಲ. ಗಾಯ ಒಂದು ದಿನ ಒಣಗಲಿ, ಆಮೇಲೆ ನೆಡಿ. ಎಲೆ ಉದುರಿದ ಹಳೆ ಗೆಡ್ಡೆಯನ್ನು ಎಸೆಯಬೇಡಿ, ಹಸಿ ಮರಳಲ್ಲಿ ಅರ್ಧ ಹೂತಿಟ್ಟರೆ ಅದೂ ಚಿಗುರುತ್ತದೆ. ಅರುಂಡಿನದ ಕಡ್ಡಿಯ ಗಿಣ್ಣಿನಲ್ಲಿ ಮರಿ ಬರುತ್ತದೆ, ಬೇರು ಬಿಟ್ಟ ಮೇಲೆ ಕಿತ್ತು ನೆಟ್ಟರಾಯಿತು. ಫೇಯಸ್‌ನ ಹೂ ಮುಗಿದ ಕಡ್ಡಿಯನ್ನು ಹಸಿ ಮರಳಿನ ಮೇಲೆ ಮಲಗಿಸಿ ನೆರಳಲ್ಲಿಟ್ಟರೆ ಗಿಣ್ಣುಗಳಲ್ಲಿ ಮರಿಗಳೇಳುತ್ತವೆ.

ಹೀಗೆ ಒಂದು ಗಿಡ ಹತ್ತಾಗುವ ದಾರಿ ಇರುವಾಗ ಬೆಟ್ಟದಿಂದ ಕಿತ್ತು ತರುವುದಕ್ಕೆ ಯಾವ ಕಾರಣವೂ ಇಲ್ಲ. ಬಿಳಿಗಿರಿರಂಗನ ಬೆಟ್ಟಕ್ಕೋ ಕೊಡಗಿಗೋ ಹೋದಾಗ ಕಂಡ ಗೆಡ್ಡೆಯನ್ನು ಚೀಲಕ್ಕೆ ಹಾಕಿಕೊಳ್ಳುವುದು ಕೆಲವರಿಗೆ ಸಣ್ಣ ವಿಷಯ. ಅದರ ಜೊತೆಗಾರ ಶಿಲೀಂಧ್ರ ಆ ಮಣ್ಣಲ್ಲೇ ಉಳಿಯುತ್ತದೆ. ಕಾಡಿನಲ್ಲಿ ಒಂದು ಗಿಡ ಹೋದರೆ ಅದರ ಜಾಗಕ್ಕೆ ಇನ್ನೊಂದು ಬರಲು ವರ್ಷಗಳು ಬೇಕು. ಗ್ರಂಥಿಗೆ ಅಂಗಡಿಯ ಸಾಲಂ ಮಿಶ್ರಿ ಕೂಡ ನೆಲದ ಆರ್ಕಿಡ್‌ನ ಒಣ ಗೆಡ್ಡೆಯೇ. ಅಗೆದ ಮೇಲೆ ಗಿಡ ಉಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಲೇಡೀಸ್ ಸ್ಲಿಪ್ಪರ್ ಆರ್ಕಿಡನ್ನು ಹೀಗೇ ಕಿತ್ತು ಕಿತ್ತು, 1930ರಲ್ಲಿ ಸಿಕ್ಕಿದ್ದು ಒಂದೇ ಒಂದು ಕಾಡುಗಿಡ. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು ಬಾಟಲಿಯಲ್ಲಿ ಸಸಿ ಎಬ್ಬಿಸಿ ಕಾಡಿಗೆ ವಾಪಸ್ ನೆಟ್ಟು, ಅದರಲ್ಲಿ ಮೊದಲ ಹೂ ಕಂಡಿದ್ದು 2000ದಲ್ಲಿ.

ನರ್ಸರಿಯಲ್ಲಿ ಬೆಳೆಸಿದ ಗಿಡವನ್ನೇ ಕೇಳಿ ಕೊಳ್ಳಿ. ಜೂನ್, ಜುಲೈನಲ್ಲಿ ಎಲೆ ನೋಡಿ ಆರಿಸಬಹುದು. ಬುಡ ಬಿಡಿಸಿದಾಗ ನೆಂಟರಿಗೂ ಒಂದೊಂದು ಕೊಡಿ. ಮಲಗಿದ ಕುಂಡಕ್ಕೆ ಹೆಸರು, ತಿಂಗಳು ಬರೆದು ಚೀಟಿ ಸಿಕ್ಕಿಸಿ. ಇಲ್ಲದಿದ್ದರೆ ಮನೆಯವರು ಖಾಲಿ ಮಣ್ಣು ಅಂತ ತುಳಸಿ ಗಿಡದ ಬುಡಕ್ಕೆ ಸುರಿದುಬಿಡುತ್ತಾರೆ. ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ನಮ್ಮ ಬಿಸಿಲಿಗೆ ಏಪ್ರಿಲ್‌ವರೆಗೆ ನಿಲ್ಲುವುದಿಲ್ಲ.